ಕಳೆಮಾವನಿಗೆ ನಾನು ಓದಿ ಹೇಳದ ಸಾಲು

ಕಳೆಮಾವ ಯಾರ ಮನೆಗೆ ಕೆಲಸಕ್ಕೆ ಬಂದರೂ ಮೊದಲು ಗೇಟಿನ ಬಳಿ ಒಂದು ಕೋಲು ನೆಡುತ್ತಾನೆ. ಕೋಲಿನ ತುದಿಗೆ ಹತ್ತಿಯ ಉದ್ದನೆಯ ಎಳೆಯೊಂದು ಕಟ್ಟಿರುತ್ತದೆ. ಎಳೆ ಮೆಲ್ಲಗೆ ತೂಗಾಡಿದರೆ ಔಷಧಿಯ ಕ್ಯಾನು ಅವನ ಬೆನ್ನಿಗೇರುತ್ತದೆ. ಅಡ್ಡಡ್ಡ ಹಾರಿದರೆ ಕ್ಯಾನು ನೆಲ ಬಿಡುವುದಿಲ್ಲ. ಮನೆಯೊಡತಿ ಸಂಜೆ ನೆಂಟರು ಬರುತ್ತಾರೆ ಎಂದು ಗೋಗರೆಯಲಿ, ಮನೆಯೊಡೆಯ ಗಡಿಯಾರ ನೋಡಿ ಹಲ್ಲು ಕಡಿಯಲಿ, ಅವನದು ಒಂದೇ ಮಾತು.

“ನೆಂಟರು ಬರೋದು ಕಳೆ ಎಣಿಸೋಕಾ? ಗಾಳಿ ಹೋಗ್ಲಿ, ಆಮೇಲೆ ನೋಡೋಣ.”

ಮನೆಗಳ ಅಂಗಳ, ಹಿತ್ತಲು, ಕಾಂಪೌಂಡಿನ ಸಂದಿ, ಕಲ್ಲುಹಾಸಿನ ಬಿರುಕು, ಇಲ್ಲೆಲ್ಲ ಎದ್ದ ಕಳೆ ತೆಗೆಯುವುದೇ ಇಪ್ಪತ್ತು ವರ್ಷದಿಂದ ಅವನ ಕಸುಬು. ಅದಕ್ಕೂ ಮೊದಲು ರೈಲು ಹಳಿಯ ಗ್ಯಾಂಗಿನಲ್ಲಿದ್ದ. ಅಲ್ಲಿ ಯಾವನೋ ಪುಣ್ಯಾತ್ಮ ಕಳೆನಾಶಕವನ್ನು ಸೋಡಾ ಬಾಟಲಿಗೆ ಬಗ್ಗಿಸಿ ಮರದ ನೆರಳಲ್ಲಿಟ್ಟಿದ್ದ. ದಣಿದು ಬಂದ ಜೊತೆಗಾರನೊಬ್ಬ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿದ. ಹೇಗೋ ಜೀವ ಉಳಿಯಿತು. ಆದರೆ ಆಮೇಲೆ ಎಷ್ಟೋ ವರ್ಷ ಆ ಮನುಷ್ಯ ಹೆಂಡತಿ ಕೊಟ್ಟ ನೀರನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದನಂತೆ. ಇದನ್ನು ಕಳೆಮಾವ ಎಷ್ಟು ಸಲ ಹೇಳಿದ್ದಾನೋ. ಯಾರ ಮನೆಯ ಮೂಲೆಯಲ್ಲಾದರೂ ಹಳೆಯ ಜ್ಯೂಸಿನ ಬಾಟಲಿಯಲ್ಲಿ ಔಷಧಿ ಕಂಡರೆ ಅವತ್ತು ಆ ಮನೆಯವರಿಗೆ ಗ್ರಹಚಾರ. “ನಿಮ್ಮ ಮನೇಲಿ ಮಕ್ಕಳಿಲ್ವಾ? ಇಲ್ಲ ಇರೋದು ಬೇಡ್ವಾ?” ಎಂದು ಮುಖಕ್ಕೇ ಕೇಳುತ್ತಾನೆ.

ಕಳೆನಾಶಕದ ಕ್ಯಾನಿಗೆ ಕೆಂಪು ಬಣ್ಣ ಬಳಿದಿದ್ದಾನೆ. ಅದರಲ್ಲಿ ಬೇರೆ ಏನನ್ನೂ ತುಂಬುವುದಿಲ್ಲ. ಮೊಣಕಾಲುದ್ದ ಬೂಟು, ಮೊಣಕೈವರೆಗೆ ಗವಸು. ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ತಡೆಯುತ್ತಾಳೆ. ಹೊರಗಿನ ನಲ್ಲಿಯಲ್ಲಿ ಸ್ನಾನ, ಬಟ್ಟೆ ನೀಲಿ ಬಕೆಟ್ಟಿಗೆ. ಆ ಬಕೆಟ್ಟಿಗೆ ಮನೆಯ ಬೇರೆ ಬಟ್ಟೆ ಬೀಳುವಂತಿಲ್ಲ. “ಹಾಗೇ ಒಳಗೆ ಬಂದ್ರೆ ನಿನ್ನನ್ನೇ ಬೇರುಸಹಿತ ಕಿತ್ತು ಹಾಕ್ತೀನಿ” ಎನ್ನುತ್ತಾಳೆ ಆಕೆ. ಅವನಿಗೆ ಅದು ಹೊಗಳಿಕೆ.

ಇಂಥ ಮನುಷ್ಯನಿಗೆ ಒಂದೇ ಒಂದು ಕೊರತೆ. ಓದಲು ಬರುವುದಿಲ್ಲ. ಅಂಕಿ ಗುರುತಿಸುತ್ತಾನೆ, ಅಕ್ಷರ ತಿಳಿಯದು. ಹಾಗಾಗಿ ಹೊಸ ಬಾಟಲಿ ಬಂದಾಗಲೆಲ್ಲ, ಅದರ ಹೊಟ್ಟೆಗೆ ಅಂಟಿಸಿದ ಮಡಿಕೆ ಚೀಟಿಯನ್ನು ಬಿಡಿಸಿ, ಮನೆಯವರ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತು “ಓದಿ” ಎನ್ನುತ್ತಾನೆ. ಒಂದು ಸಲ ಕೇಳಿದರೆ ಸಾಕು, ಮರೆಯುವುದಿಲ್ಲ.

ಈಗ ನನ್ನ ವಿಷಯ. ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ನಾನು ಶಾಲೆಗೆ ಹೋದದ್ದು ಮೂರೇ ವರ್ಷ. ಉಳಿದ ಓದನ್ನೆಲ್ಲ ಅಂಗಡಿಯ ಪೊಟ್ಟಣ ಬಿಚ್ಚಿದ ಕಾಗದದಲ್ಲಿ, ಎಣ್ಣೆ ಡಬ್ಬಿಯ ಮೇಲಿನ ಅಕ್ಷರದಲ್ಲಿ ಕಲಿತವನು. ಇನ್ನೊಬ್ಬರು ಯಾವ ಕಾಗದ ಓದದೆ ಸಹಿ ಹಾಕಿದರು ಎಂದು ಇದೇ ಅಂಕಣದಲ್ಲಿ ಹತ್ತಾರು ಸಲ ಹರಿಹಾಯ್ದಿದ್ದೇನೆ. ಕಳೆದ ವರ್ಷ ಪತ್ರಿಕೆಯವರು ನನ್ನ ಫೋಟೋ ತೆಗೆಯಲು ಬರುತ್ತೇವೆಂದರು, ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕೂತ ಹಾಗೆ. ಹುಲ್ಲುಹಾಸು ನೋಡಿದರೆ ಅಗಲ ಎಲೆಯ ಕಳೆ ಮೈತುಂಬ ಕಜ್ಜಿಯ ಹಾಗೆ ಹಬ್ಬಿತ್ತು.

ಕಳೆಮಾವ ಬಂದು ನೋಡಿ, “ನಾಲ್ಕು ದಿನ ಕೊಡಿ ಪೇಪರಪ್ಪ, ಕೈಯಲ್ಲೇ ತೆಗೀತೀನಿ. ಇಷ್ಟಕ್ಕೆಲ್ಲ ಔಷಧಿ ಯಾಕೆ?” ಎಂದ. ಈ ಬೀದಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ.

ನಾಲ್ಕು ದಿನ ಯಾರಿಗಿದೆ? ಅಂಗಡಿಗೆ ಹೋಗಿ ಹೊಸ ಬಾಟಲಿ ತಂದೆ. ಹುಲ್ಲನ್ನು ಮುಟ್ಟುವುದಿಲ್ಲ, ಅಗಲ ಎಲೆಯನ್ನು ಮಾತ್ರ ಸಾಯಿಸುತ್ತದೆ ಎಂದು ಅಂಗಡಿಯವನು ಹೇಳಿದ್ದ. ಕಳೆಮಾವ ಚೀಟಿ ಬಿಡಿಸಿ ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತ.

ಓದಿದೆ. ಒಂದು ಕ್ಯಾನಿಗೆ ಇಷ್ಟು. ಗವಸು ಹಾಕಿಕೊಳ್ಳಿ. ಗಾಳಿಯಲ್ಲಿ ಹೊಡೆಯಬೇಡಿ. ಮಳೆ ಬರುವಂತಿದ್ದರೆ ಬೇಡ. ಪೂರ್ತಿ ಒಣಗುವವರೆಗೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಿ. ಮುಂಬದಿ ಮುಗಿಯಿತು. ಮಡಚಿ ಜೇಬಿಗೆ ಹಾಕಹೊರಟೆ.

“ಹಿಂದೆ ಏನೋ ಇದೆಯಲ್ಲ, ಇರುವೆ ಸಾಲಿನ ಹಾಗೆ?” ಎಂದ.

“ಕಂಪನಿಯವರು ಕೋರ್ಟಿಗೆ ಹೆದರಿ ಬರೆಸ್ಕೊಂಡಿರೋದು, ಬಿಡು ಮಾವ. ಉಳಿದಿದ್ದೆಲ್ಲ ಮಾಮೂಲು.”

ಅವನು ನನ್ನ ಮುಖ ನೋಡಿದ. ಅಕ್ಷರ ಬಲ್ಲವನು ಮಾಮೂಲು ಎಂದ ಮೇಲೆ ಮಾಮೂಲೇ ಇರಬೇಕು. ಎದ್ದು ಹೋಗಿ ಕೋಲು ನೆಟ್ಟ.

ಔಷಧಿ ಕೆಲಸ ಮಾಡಿತು. ವಾರದೊಳಗೆ ಕಳೆಗಳು ಕತ್ತು ತಿರುಚಿಕೊಂಡು ಬಿದ್ದವು. ಕಳೆಮಾವ ಹುಲ್ಲು ಕತ್ತರಿಸಿ ಹಾಸನ್ನು ಸಮ ಮಾಡಿದ. ಫೋಟೋದಲ್ಲಿ ನಾನು ಬಹಳ ಚೆನ್ನಾಗಿ ಬಂದಿದ್ದೇನೆ, ನೀವೂ ನೋಡಿರುತ್ತೀರಿ.

ಕತ್ತರಿಸಿದ ಹುಲ್ಲು ಏನಾಯಿತು ಎಂದು ನಾನು ಕೇಳಲಿಲ್ಲ, ಯಾಕೆಂದರೆ ಗೊತ್ತಿತ್ತು. ಕಳೆಮಾವ ಒಂದೆಸಳು ಹುಲ್ಲನ್ನೂ ಕಸಕ್ಕೆ ಹಾಕುವವನಲ್ಲ. ಯಾರ ಮನೆಯಲ್ಲಿ ಕತ್ತರಿಸಿದರೂ ಗೋಣಿಯಲ್ಲಿ ತುಂಬಿ, ಬೆನ್ನ ಮೇಲೆ ಹೊತ್ತು, ನನ್ನ ಪಕ್ಕದ ಮನೆಯ ಸಸಿಯಮ್ಮನ ಗೊಬ್ಬರದ ಗುಂಡಿಗೆ ಸುರಿಯುತ್ತಾನೆ. ಯಾರೂ ಹೇಳಿದ್ದಲ್ಲ, ಅದಕ್ಕೆ ಅವನು ಏನೂ ಪಡೆಯುವುದೂ ಇಲ್ಲ. “ಹುಲ್ಲು ಎಸೆದ್ರೆ ಮಣ್ಣಿನ ಬಾಯಿಂದ ತುತ್ತು ಕಿತ್ಕೊಂಡ ಹಾಗೆ” ಎಂಬುದು ಅವನ ನಂಬಿಕೆ.

ಸಸಿಯಮ್ಮ ಹಿತ್ತಲಲ್ಲಿ ತಗಡಿನ ಟ್ರೇಗಳಲ್ಲಿ ಟೊಮ್ಯಾಟೊ, ಹುರುಳಿಕಾಯಿ ಸಸಿ ಎಬ್ಬಿಸಿ ಸುತ್ತಲಿನ ಮನೆಗಳಿಗೆಲ್ಲ ಕೊಡುವಾಕೆ. ಮಂಡಿ ಕೈಕೊಟ್ಟಿದ್ದರಿಂದ ಈ ಸಲ ಮೊದಲ ಬಾರಿಗೆ ಬೀಜ ಹಾಕುವ ಕೆಲಸ ಸೊಸೆಗೆ ಬಂತು. ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮದುವೆಯಾಗಿ ಆರು ವರ್ಷವಾದರೂ ಅತ್ತೆ ಅವಳನ್ನು ಟ್ರೇ ಮುಟ್ಟಲು ಬಿಟ್ಟಿರಲಿಲ್ಲ. ನಾಲ್ಕು ತಿಂಗಳು ಮಾಗಿದ ಗೊಬ್ಬರವನ್ನು ಜರಡಿ ಹಿಡಿದು, ಮಣ್ಣಿಗೆ ಬೆರೆಸಿ, ಬೀಜ ಊರಿ, ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನೋಡುತ್ತಿದ್ದಳು. ಗೋಡೆಯಾಚೆಯಿಂದ ಅವಳು ಸಸಿಗಳ ಜೊತೆ ಮಾತಾಡುವುದು ನನಗೆ ಕೇಳುತ್ತಿತ್ತು. “ಏಳ್ರೋ ಸೋಮಾರಿಗಳಾ, ಅತ್ತೆ ಮುಂದೆ ನನ್ನ ಮಾನ ಉಳಿಸ್ರೋ.”

ಎದ್ದವು. ಎರಡೆಲೆ ಬಂತು. ಮೂರನೆಯ ಎಲೆ ಬರುವಾಗ ಮುದುಡಿತು. ಹುರುಳಿಕಾಯಿ ಸಸಿಯ ಎಲೆ ಹಸುಗೂಸಿನ ಮುಷ್ಟಿಯಂತೆ ಮುಚ್ಚಿಕೊಂಡಿತು. ಟೊಮ್ಯಾಟೊ ದಂಟು ಹಗ್ಗ ಹೊಸೆದಂತೆ ತಿರುಚಿತು. ಒಂದು ಟ್ರೇ ಅಲ್ಲ, ಹದಿನಾರೂ.

ಆಮೇಲೆ ಗೋಡೆಯಾಚೆಯಿಂದ ಕೇಳಿದ್ದು ಬೇರೆ ಮಾತು.

“ಲಾಂಡ್ರಿಯಿಂದ ಬಂದ ಕೈ ತೊಳೀದೆ ಮುಟ್ಟಿದ್ದೀಯ. ಸೋಪಿನ ನೀರು ಬಿದ್ದಿದೆ.”

“ಇಲ್ಲ ಅತ್ತೆ, ತೊಳ್ಕೊಂಡೇ ಮುಟ್ಟಿದ್ದು.”

“ಹಾಗಾದ್ರೆ ಕೈಗುಣ. ಮೂವತ್ತು ವರ್ಷ ನಾನು ಹಾಕಿದ ಒಂದು ಬೀಜ ಹೀಗೆ ಸೊಟ್ಟಗಾಗಿಲ್ಲ. ನಿನ್ನ ಕೈ ಬಿತ್ತು, ಹದಿನಾರು ಟ್ರೇ ಹೋಯ್ತು.”

“ಅಮ್ಮ, ಈಗ ಊಟ ಹಾಕೋ ಕೈ ಯಾವುದಾದ್ರೂ ಇದ್ರೆ ಸ್ವಲ್ಪ ಹಾಕ್ರಪ್ಪ” ಎಂದ ಮಗ. ಅವನು ಬಸ್ಸಿನ ಡ್ರೈವರ್. ಯಾರ ಪರ ಮಾತಾಡಿದರೂ ರಾತ್ರಿ ತನಗೇ ಕಷ್ಟ ಎಂದು ತಿಳಿದ ಜಾಣ.

ಕೈಗುಣ! ಒಂದು ಹೆಂಗಸಿಗೆ ಹೊಡೆಯಲು ಇದಕ್ಕಿಂತ ಸುಲಭದ ಕಲ್ಲು ಸಿಗುವುದಿಲ್ಲ. ಸೋಪೆಂದರೆ ತೊಳೆದೆ ಎನ್ನಬಹುದು. ಕೈಗುಣವನ್ನು ಎಲ್ಲಿ ತೊಳೆಯುವುದು? ಸಸಿ ಕೇಳಿಕೊಂಡು ಬಂದವರಿಗೆಲ್ಲ ಸಸಿಯಮ್ಮ ಅದನ್ನೇ ಹೇಳಿದಳು. ವಾರದೊಳಗೆ ಬೀದಿಯ ತುಂಬ ಅದೇ ಮಾತು. ಎದುರು ಮನೆಯಾಕೆ, ತನ್ನ ಕರಿಬೇವಿನ ಗಿಡದಿಂದ ನಾಲ್ಕು ಎಲೆ ಕಿತ್ತುಕೊಳ್ಳಲು ಹೋದ ಸೊಸೆಯನ್ನು “ನಾನೇ ಕಿತ್ತು ಕೊಡ್ತೀನಿ ಇರಮ್ಮ” ಎಂದು ತಡೆದಳು. ಅವತ್ತಿನಿಂದ ಹುಡುಗಿ ಬಾಗಿಲ ಪಕ್ಕದ ಕುಂಡಕ್ಕೂ ನೀರು ಹಾಕುವುದನ್ನು ಬಿಟ್ಟಳು.

ಸಸಿಯಮ್ಮ ಕಳೆಮಾವನನ್ನು ಕರೆಸಿದಳು, ರೋಗ ಏನೆಂದು ನೋಡಲು. ಅವನು ಟ್ರೇಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬಹಳ ಹೊತ್ತು ಸಸಿಗಳನ್ನು ನೋಡಲೇ ಇಲ್ಲವಂತೆ. ಅವುಗಳ ನಡುವೆ ಎದ್ದಿದ್ದ ಕಳೆಗಳನ್ನು ನೋಡಿದ. ಒಂದು ಟ್ರೇಯ ಮೂಲೆಯಲ್ಲಿ ತಾನಾಗಿ ಹುಟ್ಟಿದ್ದ ಜೋಳದ ಸಸಿ ನೆಟ್ಟಗೆ ನಿಂತಿತ್ತು. ಹುಲ್ಲು ಹಸಿರಾಗಿತ್ತು. ಅಗಲ ಎಲೆಯ ಪುಟ್ಟ ಕಳೆಗಳು ಮಾತ್ರ ಹುರುಳಿಕಾಯಿ ಸಸಿಯಂತೆಯೇ ಮುಷ್ಟಿ ಕಟ್ಟಿದ್ದವು. ಅವನು ಎದ್ದು, ಗೇಟು ದಾಟಿ, ನೇರ ನನ್ನ ಮನೆಗೆ ಬಂದ.

“ಆ ಬಾಟಲಿ ಚೀಟಿ ಇದೆಯಾ?”

“ಯಾವುದು?”

“ಫೋಟೋ ತೆಗೆಸ್ಕೊಂಡ್ರಲ್ಲ, ಆವಾಗಿನದು. ಸೋಪಾಗಿದ್ರೆ ಎಲ್ಲಾ ಗಿಡಕ್ಕೂ ಒಂದೇ ಕಾಯಿಲೆ ಬರ್ಬೇಕಿತ್ತು. ಹುಲ್ಲು ಬಿಟ್ಟು ಅಗಲ ಎಲೆ ಮಾತ್ರ ಹಿಡಿಯೋದು ನನ್ನ ಕ್ಯಾನಿನ ಕೆಲಸ. ಆದ್ರೆ ನಾನು ಅಲ್ಲಿ ಹೊಡೆದೇ ಇಲ್ಲ. ಇದು ಹೇಗೆ ಅಂತ ಆ ಚೀಟೀಲಿ ಏನಾದ್ರೂ ಇದೆಯಾ ನೋಡಿ.”

ಮೇಜಿನ ಡ್ರಾಯರಿನಲ್ಲಿ, ಮಡಚಿದ ಮಡಿಕೆಯಲ್ಲೇ ಇತ್ತು. ಅವನು ಮೆಟ್ಟಿಲ ಮೇಲೆ ಕೂತ. ನಾನು ಹಿಂಬದಿ ತಿರುಗಿಸಿ, ಕನ್ನಡಕ ಹಾಕಿ ಓದಿದೆ. ಏಳನೆಯ ಸಾಲು. “ಈ ಔಷಧಿ ಸಿಂಪಡಿಸಿದ ಹುಲ್ಲನ್ನು ಕತ್ತರಿಸಿದ ನಂತರ ಗೊಬ್ಬರದ ಗುಂಡಿಗೆ ಹಾಕಬಾರದು, ಗಿಡಗಳ ಬುಡಕ್ಕೆ ಹೊದಿಸಬಾರದು. ಗೊಬ್ಬರವಾದ ಮೇಲೂ ಔಷಧಿಯ ಅಂಶ ಉಳಿದು ಟೊಮ್ಯಾಟೊ, ಹುರುಳಿಕಾಯಿ, ಬಟಾಣಿ ಮುಂತಾದ ಗಿಡಗಳು ಹಾಳಾಗಬಹುದು.”

ಕಳೆಮಾವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಗೋಣಿ ಹೊತ್ತ ಕೈಗಳು.

“ಇದು ಅವತ್ತೂ ಇತ್ತಾ?”

“ಇತ್ತು.”

ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. “ಆ ಹುಡುಗಿ ಕೈ ಕೆಟ್ಟದ್ದು ಅಂತ ಬೀದಿಯೆಲ್ಲ ಹೇಳ್ತಿದೆ. ಬನ್ನಿ, ಹೋಗಿ ಹೇಳೋಣ” ಎಂದು ಎದ್ದೇಬಿಟ್ಟ.

ತಡೆದವನು ನಾನು. ಪುರಾವೆ ಬೇಕು ಎಂದೆ. ಎರಡು ಡಬ್ಬಿ ತಗೋ, ಒಂದಕ್ಕೆ ಸಸಿಯಮ್ಮನ ಗೊಬ್ಬರ, ಇನ್ನೊಂದಕ್ಕೆ ಮೈದಾನದ ಮಣ್ಣು, ಎರಡರಲ್ಲೂ ಒಂದೇ ಪೊಟ್ಟಣದ ಹುರುಳಿಕಾಯಿ ಬೀಜ ಹಾಕು, ಹದಿನೈದು ದಿನದಲ್ಲಿ ತಿಳಿಯುತ್ತೆ ಎಂದೆ. ಮಾತು ಸರಿಯಾದದ್ದೇ, ಗೊಬ್ಬರದ ಮೇಲೆ ಅನುಮಾನ ಬಂದರೆ ಯಾರಾದರೂ ಹಾಗೆಯೇ ನೋಡಬೇಕು. ಆದರೆ ನನಗೆ ಬೇಕಿದ್ದದ್ದು ಪುರಾವೆಯಲ್ಲ, ಹದಿನೈದು ದಿನ. ಒಬ್ಬರನ್ನೂ ಬಿಡದೆ ತರಾಟೆಗೆ ತೆಗೆದುಕೊಳ್ಳುವ ಈ ನಾಲಿಗೆ ಪಕ್ಕದ ಮನೆಯ ಗೇಟಿನವರೆಗೆ ಹೋಗಲು ಹದಿನೈದು ದಿನದ ಸಾವಕಾಶ ಕೇಳಿತು.

ಡಬ್ಬಿಗಳನ್ನು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟೆವು. ಹತ್ತನೆಯ ದಿನಕ್ಕೇ ಒಂದರಲ್ಲಿ ಎಲೆ ಬಿಚ್ಚಿಕೊಂಡಿತ್ತು, ಇನ್ನೊಂದರಲ್ಲಿ ಮುಷ್ಟಿ ಬಿಗಿದಿತ್ತು. ಕಳೆಮಾವ ಬಂದು ಕೇಳಿದಾಗ “ಇನ್ನೊಂದೆಲೆ ಬರಲಿ, ಖಚಿತವಾಗಲಿ” ಎಂದೆ. ಅವನು ಮತ್ತೆ ನನ್ನನ್ನು ನಂಬಿದ.

ಹನ್ನೆರಡನೆಯ ದಿನ ಸೊಸೆ ಬ್ಯಾಗು ಹಿಡಿದು ಮನೆ ಬಿಟ್ಟಳು, ಅಕ್ಕನ ಮನೆಗೆ. ಗಂಡ ಓಡಿಸುವ ಬಸ್ಸನ್ನೇ ಹತ್ತಿ, ಕಂಡಕ್ಟರ್ ಬೇಡವೆಂದರೂ ಟಿಕೆಟ್ ತೆಗೆದುಕೊಂಡು, ಕೊನೆಯ ಸೀಟಿನಲ್ಲಿ ಕೂತು ಹೋದಳಂತೆ. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತಾ ಓಡಿಸಿದನಂತೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳಂತೆ.

ಕಳೆಮಾವ ಮಧ್ಯಾಹ್ನ ಓಡಿಬಂದ. “ನಿಮ್ಮ ಹದಿನೈದು ಆಗೋಕೆ ಮುಂಚೆ ಅವಳ ಹನ್ನೆರಡು ಮುಗೀತು ಪೇಪರಪ್ಪ” ಎಂದವನೇ ಎರಡೂ ಡಬ್ಬಿ ಎತ್ತಿಕೊಂಡ. “ನಾನು ಹೇಳ್ತೀನಿ. ನೀವು ಬಂದು ಓದಿ, ಅಷ್ಟು ಸಾಕು.”

ಸಸಿಯಮ್ಮ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಳೆಮಾವ ಡಬ್ಬಿಗಳನ್ನು ಅವಳ ಮುಂದಿಟ್ಟ. “ಸೊಸೆ ಕೈಯಲ್ಲಿ ಏನೂ ಇಲ್ಲ ಸಸಿಯಮ್ಮ. ವಿಷ ಗೊಬ್ಬರದಲ್ಲಿದೆ. ಔಷಧಿ ಹೊಡೆದ ಹುಲ್ಲನ್ನ ನಾನೇ ಹೊತ್ತು ತಂದು ನಿನ್ನ ಗುಂಡಿಗೆ ಸುರಿದೆ. ಹಾಕಬಾರದಂತೆ.” ನನ್ನ ಕಡೆ ನೋಡಿದ. ನಾನು ಏಳನೆಯ ಸಾಲು ಓದಿದೆ. ನನ್ನ ಉಚ್ಚಾರ ಬಹಳ ಸ್ಪಷ್ಟವಾಗಿತ್ತು.

ಆಕೆ ಎರಡು ಡಬ್ಬಿಗಳನ್ನೂ ಮೂಗಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಕಟ್ಟೆಯೊಡೆದ ಹಾಗೆ ಬೈದಳು. “ಇಪ್ಪತ್ತು ವರ್ಷ ಕಣ್ಣು ಮುಚ್ಕೊಂಡು ಗೇಟು ತೆಗೆದಿದ್ದೀನಲ್ಲೋ ನಿನಗೆ! ಆ ಮಗೂನ ನನ್ನ ಬಾಯಾರೆ ಓಡಿಸಿದೆ. ಓದೋಕೆ ಬರಲ್ಲ ಅಂದ್ಮೇಲೆ ಆ ಔಷಧೀನ ಯಾಕೋ ಮುಟ್ತೀಯ?”

ಈ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲೇ ಇತ್ತು, ನಾಲ್ಕು ಮಡಿಕೆಯ ಕಾಗದವಾಗಿ. ಅವನು ಓದಿಸಿದ್ದ. ಹಿಂಬದಿ ಏನಿದೆ ಎಂದು ಕೇಳಿಯೂ ಇದ್ದ. ಇಷ್ಟು ಹೇಳಲು ಎರಡು ವಾಕ್ಯ ಸಾಕಿತ್ತು.

“ತಪ್ಪಾಯ್ತು ಸಸಿಯಮ್ಮ” ಎಂದ ಕಳೆಮಾವ.

ನಾನು ಕಾಗದ ಮಡಚಿ ಜೇಬಿಗೆ ಹಾಕಿದೆ.

ಹೊರಗೆ ಬಂದ ಮೇಲಾದರೂ ಅವನು ಏನಾದರೂ ಅನ್ನುತ್ತಾನೆಂದು ಕಾದೆ. ಅವನು ಕೆಲಸಕ್ಕೆ ಹೊರಟುಬಿಟ್ಟ. ಬೀದಿಯ ಮಾತು ಮಾತ್ರ ಮಗ್ಗಲು ಬದಲಿಸಿತು. ಸೊಸೆಯ ಕೈಯ ಬದಲು ಕಳೆಮಾವನ ಕೈ. ಮೂರು ಮನೆಯವರು ಅವನನ್ನು ಬೇಡವೆಂದರು. ಅಡುಗೆಮನೆಯ ಕಪಾಟಿನಲ್ಲಿ ಜ್ಯೂಸಿನ ಬಾಟಲಿಗೆ ಔಷಧಿ ಬಗ್ಗಿಸಿಟ್ಟುಕೊಂಡು, ಚಪ್ಪಲಿಯಿಲ್ಲದ ಕಾಲಲ್ಲಿ, ಗಾಳಿಗೆ ಎದುರಾಗಿ ತಾವೇ ಹೊಡೆದುಕೊಳ್ಳುವ ಜನ ಇವರು. ಅವರಿಗೆ ಈಗ ಕಳೆಮಾವ ಎಚ್ಚರಗೇಡಿ!

ಸಸಿಯಮ್ಮ ಮರುದಿನವೇ, ಆ ಮಂಡಿ ಹಿಡಿದುಕೊಂಡೇ ಮಗನ ಬಸ್ಸು ಹತ್ತಿ ಹೋಗಿ, ಸೊಸೆಯನ್ನು ಕರೆದುಕೊಂಡು ಬಂದಳು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಅವರ ಗೇಟು ತೆಗೆದೆ. ಸೊಸೆ ಬಟ್ಟೆ ಒಣಹಾಕುತ್ತಿದ್ದಳು, ಅತ್ತೆ ಕಟ್ಟೆಯ ಮೇಲಿದ್ದಳು. ನಿಂತಲ್ಲೇ ಹೇಳಿದೆ. ಮಾವ ಚೀಟಿ ಓದಿಸಿದ. ಹಿಂಬದಿ ಓದದೆ ಮಾಮೂಲು ಎಂದವನು ನಾನು. ಗೊತ್ತಾದ ದಿನವೇ ಹೇಳಲು ಹೊರಟವನನ್ನು ಹನ್ನೆರಡು ದಿನ ತಡೆದವನೂ ನಾನು.

“ಮೊನ್ನೆ ಇಲ್ಲೇ ನಿಂತಿದ್ದಾಗ ನಿನ್ನ ಬಾಯಿಗೆ ಏನಾಗಿತ್ತು?” ಎಂದಳು ಸಸಿಯಮ್ಮ. ಅಲ್ಲಿಯವರೆಗೆ ನನ್ನನ್ನು ‘ನೀವು’ ಎನ್ನುತ್ತಿದ್ದವಳು.

ಸೊಸೆ ಕ್ಲಿಪ್ಪು ಹಿಡಿದೇ ಕೇಳಿದಳು. “ನಾನು ಬ್ಯಾಗ್ ತಗೊಂಡು ನಿಮ್ಮ ಗೇಟಿನ ಮುಂದೆ ಹೋದಾಗ ನೀವು ಕಿಟಕೀಲಿ ಇದ್ರಲ್ಲ?”

“ಇದ್ದೆ.”

“ಆ ಡಬ್ಬಿ ಪಕ್ಕದಲ್ಲೇ?”

“ಹೌದಮ್ಮ.”

ಅವಳು ಉಳಿದ ಬಟ್ಟೆ ಒಣಹಾಕಿ ಒಳಗೆ ಹೋದಳು.

ಕಳೆಮಾವ ಆ ಟ್ರೇಗಳ ಮಣ್ಣನ್ನು ಹಿತ್ತಲ ಮೂಲೆಗೆ ಸುರಿದು ಜೋಳ ಬಿತ್ತಿದ. ಜೋಳಕ್ಕೆ ಅದು ತೊಂದರೆ ಮಾಡದು. ಉಳಿದ ಗೊಬ್ಬರವನ್ನು ಯಾರಿಗೂ ಕೊಡಬೇಡ ಎಂದು ಬೇರೆಯಾಗಿ ರಾಶಿ ಹಾಕಿಸಿದ. ನನ್ನ ಬಾಟಲಿಯಲ್ಲಿ ಅರ್ಧ ಔಷಧಿ ಉಳಿದಿದೆ. ಚರಂಡಿಗೆ ಸುರಿಯುವಂತಿಲ್ಲ. ಇಂಥ ಕಸವನ್ನು ಬೇರೆಯಾಗಿ ಒಯ್ಯುವ ಗಾಡಿ ಬರುವವರೆಗೆ ಅದೇ ಬಾಟಲಿಯಲ್ಲಿ, ಅದೇ ಚೀಟಿ ಸುತ್ತಿ, ಬೀಗ ಹಾಕಿ ಇಟ್ಟಿದ್ದೇನೆ. ಮೊದಲ ಮಳೆಗೆ ಹುಲ್ಲುಹಾಸಿನಲ್ಲಿ ಮತ್ತೆ ಕಳೆ ಎದ್ದಿತು. ಕೈಯಲ್ಲಿ ಕೀಳುತ್ತಿದ್ದೇನೆ. ನಾಲ್ಕು ದಿನವೇ ಹಿಡಿಯುತ್ತದೆ, ಮಾವ ಹೇಳಿದಷ್ಟೇ.

ಹೊಸ ಬೀಜದ ಪೊಟ್ಟಣವನ್ನು ಸಸಿಯಮ್ಮ ಸೊಸೆಯ ಮುಂದೆ ಚಾಚಿದಾಗ ಅವಳು “ಕೈ ಒದ್ದೆ ಇದೆ ಅತ್ತೆ, ನೀವೇ ಹಾಕಿ” ಎಂದಳಂತೆ. ಇವತ್ತಿಗೂ ಮುಟ್ಟಿಲ್ಲ. ಬಾಗಿಲ ಪಕ್ಕದ ಕುಂಡ ಒಣಗಿಯೇ ಇದೆ.

ಕಳೆಮಾವ ನನ್ನನ್ನು ಬಿಟ್ಟಿಲ್ಲ. ಎಲ್ಲಿ ಹೊಸ ಬಾಟಲಿ ಬಂದರೂ ಚೀಟಿ ಹಿಡಿದು ನನ್ನ ಮೆಟ್ಟಿಲಿಗೇ ಬರುತ್ತಾನೆ. ಬೇರೆಯವರ ಹತ್ತಿರ ಯಾಕೆ ಓದಿಸಬಾರದು ಎಂದು ಒಮ್ಮೆ ಕೇಳಿದೆ. “ಅವರಿನ್ನೂ ಮಾಮೂಲು ಅಂತಾರೆ. ನೀವು ಅನ್ನಲ್ಲ” ಎಂದ. ತಯಾರಕರ ವಿಳಾಸವನ್ನೂ ಬಿಡದೆ ಓದಿಸುತ್ತಾನೆ.

ಮೊನ್ನೆ ಹಾಗೆ ಓದುತ್ತಿದ್ದಾಗ ಸೊಸೆ ಲಾಂಡ್ರಿಗೆ ಹೊರಟವಳು ಗೇಟಿನಾಚೆ ನಿಂತಳು. ನಾನು ತಲೆಯೆತ್ತದೆ ಓದುತ್ತಲೇ ಹೋದೆ. ಒಂದು ಕ್ಯಾನಿಗೆ ಇಷ್ಟು, ಗವಸು, ಗಾಳಿ, ಮಕ್ಕಳು. ಪುಟದ ಕೊನೆಗೆ ಬಂದು ನಿಲ್ಲಿಸಿ ಉಸಿರು ತೆಗೆದುಕೊಂಡೆ.

“ಮುಗೀತಾ?” ಎಂದಳು ಅವಳು.

“ಇಲ್ಲಮ್ಮ. ಹಿಂಬದಿ ಇದೆ.”

ಅವಳು ಕೈಚೀಲವನ್ನು ಗೇಟಿನ ಮೇಲಿಟ್ಟಳು.

“ಓದಿ.”